ಫ್ರೀ ಡೆಲಿವರಿಗೆ ಬಾಡಿಗೆ ಎಷ್ಟು?

ಗುಂಡ್ಲುಪೇಟೆ ಮಾರುಕಟ್ಟೆಯಲ್ಲಿ ಸಣ್ಣೀರುಳ್ಳಿ ಮೂಟೆ ಹೊರುವ ಹಮಾಲಿಯ ಮುಂದೆ ನಿಂತು, ‘ಇದನ್ನ ಫ್ರೀಯಾಗಿ ಲಾರಿಗೆ ಹಾಕಿಕೊಡ್ತೀಯೇನಪ್ಪಾ’ ಅಂತ ಒಂದು ಸಲ ಕೇಳಿ ನೋಡಿ. ಅವನು ಮೊದಲು ನಿಮ್ಮ ಮುಖ ನೋಡುತ್ತಾನೆ. ಆಮೇಲೆ ನಿಮ್ಮ ಜೊತೆಗೆ ಮನೆಯವರು ಯಾರಾದರೂ ಬಂದಿದ್ದಾರೋ ಅಂತ ಹಿಂದೆ ಮುಂದೆ ನೋಡುತ್ತಾನೆ. ಈ ಸೀಮೆಯಲ್ಲಿ ಹುಟ್ಟಿದವರಿಗೆ ಬಾಡಿಗೆ ಅಂದರೇನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಚೆಂಡು ಹೂವಾಗಲಿ, ಟೊಮೆಟೊ ಆಗಲಿ, ಬಾಳೆಗೊನೆಯಾಗಲಿ, ಕೇರಳಕ್ಕೋ ಊಟಿಗೋ ಮೈಸೂರಿಗೋ ಹೊರಟಿತು ಅಂದರೆ ಲಾರಿ ಬಾಡಿಗೆ, ಹಮಾಲಿ, ಚೀಲದ ದುಡ್ಡು ಎಲ್ಲ ಅದರ ಬೆನ್ನು ಹತ್ತಿಯೇ ಹೊರಡುತ್ತವೆ. ಬೆಳೆದವನ ಕೈಗೆ ಬರುವ ಪಟ್ಟಿಯಲ್ಲಿ ಅವನ್ನೆಲ್ಲ ಸಾಲಾಗಿ ಕಳೆದಿರುತ್ತಾರೆ. ಅವನು ಬೈದುಕೊಂಡೇ ಓದುತ್ತಾನೆ, ಸರಿ. ಆದರೆ ಓದುವುದಕ್ಕೆ ಒಂದು ಪಟ್ಟಿ ಅಂತ ಇರುತ್ತದಲ್ಲ!

ಅದೇ ಮನುಷ್ಯ ರಾತ್ರಿ ಊಟ ಮುಗಿಸಿ ಫೋನ್ ಹಿಡಿದು ಉರುಳಿಕೊಂಡ ಅಂದರೆ ಅವತಾರವೇ ಬೇರೆ. ಸೂರತ್ತಿನ ಸೀರೆ, ಲೂಧಿಯಾನದ ಸ್ವೆಟರು ಅರ್ಧ ದೇಶ ದಾಟಿ, ಮೈಸೂರು, ನಂಜನಗೂಡು, ಬೇಗೂರು ಹಾಯ್ದು ಇವನ ಮನೆ ಜಗಲಿ ಹತ್ತಬೇಕು. ಅದಕ್ಕೆ ನಲವತ್ತು ರೂಪಾಯಿ ಸಾಗಣೆ ಅಂತ ಕೆಳಗಡೆ ಸಣ್ಣ ಅಕ್ಷರದಲ್ಲಿ ಕಂಡರೆ ಸಾಕು, ಎದ್ದು ಕೂರುತ್ತಾನೆ. ‘ಹಗಲು ದರೋಡೆ ಕಣೇ ಇದು’ ಅಂತ ಹೆಂಡತಿಯನ್ನು ಎಬ್ಬಿಸಿ ಹೇಳುತ್ತಾನೆ. ಆಗ ಗಂಟೆ ರಾತ್ರಿ ಹನ್ನೊಂದು.

ನನ್ನ ಚಿಕ್ಕವ್ವ ಒಬ್ಬಳಿದ್ದಾಳೆ, ಚಾಮರಾಜನಗರದ ಪಕ್ಕದ ಹಳ್ಳಿಯವಳು. ನಮ್ಮ ಜಿಲ್ಲೆಯಲ್ಲಿ ಅರಿಶಿನಕ್ಕೇನು ಕಮ್ಮಿ ಇಲ್ಲವಲ್ಲ. ತನ್ನ ಹೊಲದ ಅರಿಶಿನವನ್ನು ಬೇಯಿಸಿ, ಒಣಗಿಸಿ, ಪುಡಿ ಮಾಡಿಸಿ ವಾಟ್ಸಾಪಿನಲ್ಲಿ ಮಾರುತ್ತಾಳೆ. ಬೇಸಿಗೆ ಬಂದರೆ ಅರಳು ಸಂಡಿಗೆಯೂ ಉಂಟು. ಗಿರಾಕಿಗಳು ಹೆಚ್ಚಿನವರು ಬೆಂಗಳೂರಿನವರು. ಅವರು ಅರಿಶಿನದ ಬಣ್ಣ ಕೇಳುವುದಿಲ್ಲ, ಯಾವ ತಳಿ ಅಂತ ಕೇಳುವುದಿಲ್ಲ. ಮೊದಲ ಪ್ರಶ್ನೆಯೇ ‘ಡೆಲಿವರಿ ಫ್ರೀ ತಾನೆ ಆಂಟಿ?’ ಈ ಆಂಟಿಗೆ ಅರ್ಥವಾಗದ ಸಂಗತಿ ಒಂದೇ. ‘ಅಲ್ಲ ಕೂಸು, ಇವರೇ ನಮ್ಮೂರಿಗ ಬಂದು ತಕ್ಕೊಂಡೋಗಿದ್ರ ಬಸ್ ಚಾರ್ಜ ನಾನು ಕೊಡಬೇಕಾಗಿತ್ತಾ?’ ಅಂತ ನನ್ನನ್ನು ಕೇಳಿದಳು. ನಾನು ಪದವಿ ಓದಿದವನು. ಉತ್ತರ ಹೊಳೆಯಲಿಲ್ಲ.

ಉತ್ತರ ಹೊಳೆದದ್ದು ಅವಳ ಮಗನಿಗೆ. ಅವನು ಮೈಸೂರಿನಲ್ಲಿ ಬಿಬಿಎಂ ಮಾಡಿದವನು. ‘ಅವ್ವಾ, ನೂರೆಂಬತ್ತರ ಪುಡಿಗೆ ಎಪ್ಪತ್ತು ಸೇರಿಸಿ ಇನ್ನೂರೈವತ್ತು ಅನ್ನು, ಕೆಳಗೆ ಫ್ರೀ ಡೆಲಿವರಿ ಅಂತ ಕೆಂಪಕ್ಷರದಲ್ಲಿ ಹಾಕು’ ಅಂದ. ಹಾಕಿದಳು. ಮಾರಾಟ ಜಾಸ್ತಿಯಾಯಿತು! ನೂರೆಂಬತ್ತು ಮತ್ತೆ ಎಪ್ಪತ್ತು ಅಂದಾಗ ಜಗಳಕ್ಕೆ ಬರುತ್ತಿದ್ದವರೇ ಇನ್ನೂರೈವತ್ತು ಅಂದಾಗ ‘ಥ್ಯಾಂಕ್ಯೂ ಆಂಟಿ’ ಅಂದು ಕೈಮುಗಿಯುವ ಬೊಂಬೆ ಹಾಕಿದರು. ಓದಿದ ಮಗನನ್ನು ಚಿಕ್ಕವ್ವ ಎರಡು ದಿನ ಹೊಗಳಿದಳು.

ಮೂರನೇ ದಿನ ಕೊಳ್ಳೇಗಾಲದಿಂದ ಒಬ್ಬರು ಫೋನ್ ಮಾಡಿ, ‘ನಮ್ಮ ಹುಡುಗ ನಿಮ್ಮೂರ ಕಡೆ ಬತ್ತಾವ್ನೆ, ಅವನ ಕೈಲೇ ಕೊಟ್ಟುಬಿಡಿ, ರೇಟೆಷ್ಟು?’ ಅಂದರು. ಈಗ ಏನು ಹೇಳುವುದು? ಇನ್ನೂರೈವತ್ತು ಅಂದರೆ, ತಾನೇ ಬಂದು ಒಯ್ಯುವವನ ತಲೆಗೆ ಡೆಲ್ಲಿಯವನ ಬಾಡಿಗೆ ಕಟ್ಟಿದ ಹಾಗೆ. ನೂರೆಂಬತ್ತು ಅಂದರೆ ಫ್ರೀ ಅಂದದ್ದು ಸುಳ್ಳು. ನಾಲ್ಕು ಪ್ಯಾಕೆಟ್ ಒಟ್ಟಿಗೆ ಕೊಂಡವರ ಕಥೆ ಇನ್ನೂ ಚೆಂದ. ಒಂದೇ ಡಬ್ಬಿಯಲ್ಲಿ ಇನ್ನೂ ಕಮ್ಮಿ ಬಾಡಿಗೆಗೆ ಹೋಗುವ ಸಾಮಾನಿಗೆ ಅವರು ನಾಲ್ಕು ಎಪ್ಪತ್ತು ತೆತ್ತು, ಮೇಲಿಂದ ‘ಶಿಪ್ಪಿಂಗ್ ಫ್ರೀ ಕೊಟ್ರಲ್ಲ, ಒಳ್ಳೇವರು’ ಅಂತ ಐದು ನಕ್ಷತ್ರ ಕೊಡುತ್ತಾರೆ. ಫ್ರೀ ಅನ್ನುವ ಬೋರ್ಡಿನಿಂದ ಹತ್ತಿರದವನಿಗೂ ಹೆಚ್ಚು ಕೊಳ್ಳುವವನಿಗೂ ನಷ್ಟ. ಲಾಭ ಆಗುವುದು ದೂರದಲ್ಲಿ ಕೂತು ಒಂದೇ ಒಂದು ಪ್ಯಾಕೆಟ್ ತರಿಸಿ, ಅದರ ಬಗ್ಗೆಯೂ ತಕರಾರು ತೆಗೆಯುವವನಿಗೆ.

ಇದಕ್ಕೆ ತದ್ವಿರುದ್ಧದ ಜಾಣರೂ ಇದ್ದಾರೆ. ಅವರ ಮಾಲು ಅಗ್ಗ, ಬಾಡಿಗೆ ದುಬಾರಿ. ಈ ಆಟದ ಗುರುಗಳು ಅಮೆರಿಕದಲ್ಲಿದ್ದರು. ಈಬೇ ಅನ್ನುವ ಹರಾಜು ತಾಣ ಆಗ ಮಾಲಿನ ಬೆಲೆಯ ಮೇಲೆ ಮಾತ್ರ ಕಮಿಷನ್ ಹಿಡಿಯುತ್ತಿತ್ತು, ಸಾಗಣೆಯ ಮೇಲೆ ಹಿಡಿಯುತ್ತಿರಲಿಲ್ಲ. ಸರಿ, ಕೆಲವು ಮಾರಾಟಗಾರರು ವಸ್ತುವಿಗೆ ಒಂದು ಸೆಂಟ್, ಸಾಗಣೆಗೆ ಹತ್ತು ಹನ್ನೆರಡು ಡಾಲರ್ ಅಂತ ಬರೆಯತೊಡಗಿದರು. ಕಡೆಗೆ 2011ರಲ್ಲಿ ಈಬೇ ಸಾಗಣೆಯ ದುಡ್ಡಿನ ಮೇಲೂ ಕಮಿಷನ್ ಹಾಕಿತು. ಮರುದಿನದಿಂದ ಅಷ್ಟೂ ಜನ ಧರ್ಮರಾಯರಾದರು ಅಂತ ನಾನು ಹೇಳುವುದಿಲ್ಲ, ಆದರೆ ಒಂದು ಸೆಂಟಿನ ಕ್ಯಾಮೆರಾ ಮಾರುವ ಉತ್ಸಾಹ ಇಳಿಯಿತು.

ನಮ್ಮಲ್ಲಿ ಕಾನೂನು ಚೆನ್ನಾಗಿಯೇ ಇದೆ. ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳು 2020ರ ಜುಲೈನಲ್ಲಿ ಬಂದವು. ಒಟ್ಟು ಬೆಲೆಯನ್ನು ಒಂದೇ ಅಂಕಿಯಲ್ಲಿ ಹೇಳಬೇಕು. ಅದರೊಳಗೆ ಡೆಲಿವರಿ ಎಷ್ಟು, ಅಂಚೆ ಮತ್ತು ಹ್ಯಾಂಡ್ಲಿಂಗ್ ಎಷ್ಟು, ತೆರಿಗೆ ಎಷ್ಟು ಅಂತ ಬಿಡಿಸಿಯೂ ತೋರಿಸಬೇಕು. 2023ರ ನವೆಂಬರಿನಲ್ಲಿ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ವ್ಯಾಪಾರದ ಹದಿಮೂರು ಕಪಟಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಅದರಲ್ಲೊಂದು ಡ್ರಿಪ್ ಪ್ರೈಸಿಂಗ್. ಮೊದಲು ತೊಂಬತ್ತೊಂಬತ್ತು ರೂಪಾಯಿ ಅಂದು ಒಳಗೆ ಕರೆದು, ಆಮೇಲೆ ಪ್ಯಾಕಿಂಗ್, ಪ್ಲಾಟ್‌ಫಾರ್ಮ್, ಹ್ಯಾಂಡ್ಲಿಂಗ್ ಅಂತ ಒಂದೊಂದೇ ಹನಿ ಬಿಡುವುದು. ಬಾಳೆ ಬುಡಕ್ಕೆ ಡ್ರಿಪ್ ಹಾಕಿಸಿದ ನಮ್ಮ ರೈತರಿಗೆ ಇದನ್ನು ಹೇಳಿದರೆ, ‘ನಮ್ಮ ಡ್ರಿಪ್‌ಗೆ ಸಬ್ಸಿಡಿನಾದ್ರೂ ಅದ ಸಾಮಿ’ ಅನ್ನುತ್ತಾರೆ. ಯಾರಾದರೂ ನಿಮ್ಮ ಜೇಬಿಗೆ ಇಂಥ ಡ್ರಿಪ್ ಹಾಕಿದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ನಲವತ್ತು ರೂಪಾಯಿಗೆ ಯಾರು ಮಾಡುತ್ತಾರೆ ಅನ್ನುತ್ತೀರಾ? ಅವರೂ ಅದನ್ನೇ ನಂಬಿಕೊಂಡು ಕೂತಿರುವುದು.

ಇನ್ನು ದೂರದ ಲೆಕ್ಕಕ್ಕೆ ಬನ್ನಿ. ಕೊರಿಯರ್ ಕಂಪನಿಗಳ ದರಪಟ್ಟಿಯಲ್ಲಿ ಸಾಮಾನ್ಯವಾಗಿ ಐದು ವಲಯ ಇರುತ್ತವೆ: ಊರೊಳಗೆ, ಪ್ರಾಂತದೊಳಗೆ, ಮಹಾನಗರದಿಂದ ಮಹಾನಗರಕ್ಕೆ, ಉಳಿದ ಭಾರತ, ಕೊನೆಗೆ ಈಶಾನ್ಯ ಮತ್ತು ಕಾಶ್ಮೀರ. ನಾವೆಲ್ಲ ‘ಉಳಿದ ಭಾರತ’. ಬೆಂಗಳೂರಿನಿಂದ ಡೆಲ್ಲಿಗೆ ಹೋಗುವ ಡಬ್ಬಿಗಿಂತ ಗುಂಡ್ಲುಪೇಟೆಯಿಂದ ಅರ್ಧ ದೂರದ ಊರಿಗೆ ಹೋಗುವ ಡಬ್ಬಿಗೆ ಬಾಡಿಗೆ ಹೆಚ್ಚು. ಮಹಾನಗರಗಳ ನಡುವೆ ಗಾಡಿ ತುಂಬಿ ಹೋಗುತ್ತದೆ, ತುಂಬಿ ಬರುತ್ತದೆ. ನಮ್ಮಲ್ಲಿಗೆ ಬರುವ ಗಾಡಿ ಅರ್ಧ ಖಾಲಿ. ಕಾರಣ ನ್ಯಾಯವಾದದ್ದೇ ಬಿಡಿ. ಆದರೆ ‘ಉಳಿದ ಭಾರತ’ ಅನ್ನುವ ಹೆಸರಿಗೆ ನನ್ನ ತಕರಾರಿದೆ. ಉಳಿದವರು ಎಷ್ಟು ಕೋಟಿ ಜನ ಇದ್ದೀವಿ ಅಂತ ಯಾರಾದರೂ ಎಣಿಸಿದ್ದಾರಾ?

ಚಾಮರಾಜನಗರದವರಿಗೆ ಹೀಗೆ ಉಳಿದವರಾಗುವುದು ಹೊಸದಲ್ಲ. ಮುಖ್ಯಮಂತ್ರಿಯಾದವರು ಇಲ್ಲಿಗೆ ಕಾಲಿಟ್ಟರೆ ಕುರ್ಚಿ ಹೋಗುತ್ತದೆ ಅನ್ನುವ ಮಾತಿಗೆ ಹೆದರಿ ಎಷ್ಟೋ ಮುಖ್ಯಮಂತ್ರಿಗಳು ಈ ದಿಕ್ಕಿಗೆ ತಲೆ ಹಾಕಲಿಲ್ಲ. ಸಿದ್ದರಾಮಯ್ಯನವರು 2013ರಲ್ಲಿ ಬಂದರು, ಆಮೇಲೂ ಮತ್ತೆ ಮತ್ತೆ ಬಂದರು, ಐದು ವರ್ಷ ಪೂರ್ತಿ ಕೂತು ಎದ್ದರು. ವಿಧಾನಸೌಧದಿಂದ ಮುಖ್ಯಮಂತ್ರಿಯೇ ಡೆಲಿವರಿ ಆಗದಿದ್ದ ಊರು ಇದು. ಕೊರಿಯರ್ ಹುಡುಗ ‘ನಿಮ್ಮ ಹಳ್ಳಿ ನಮ್ಮ ಏರಿಯಾದಲ್ಲಿಲ್ಲ, ಟೌನಿಗೆ ಬಂದು ತಕ್ಕೊಳ್ಳಿ’ ಅಂದರೆ ನಾವು ಸಿಟ್ಟಾಗುವುದಿಲ್ಲ. ಟೌನ್ ಎಂದರೆ ಎಲ್ಲಿ ಅಂತ ಮಾತ್ರ ಕೇಳುತ್ತೇವೆ.

ತಾಳವಾಡಿಯ ಪಾಡು ಕೇಳಿ. ಚಾಮರಾಜನಗರದಿಂದ ಬಸ್ಸು ಹತ್ತಿ ಒಂದು ನಿದ್ದೆ ಮುಗಿಯುವುದರೊಳಗೆ ತಾಳವಾಡಿ. ಜನರ ಮಾತು ಕನ್ನಡ. ರಾಜ್‌ಕುಮಾರ್ ಅವರ ಗಾಜನೂರು ಇರುವುದೂ ಅಲ್ಲೇ. ಆದರೆ ನಕ್ಷೆಯಲ್ಲಿ ಅದು ತಮಿಳುನಾಡಿನ ಈರೋಡ್ ಜಿಲ್ಲೆ, ಪಿನ್‌ಕೋಡ್ ಶುರುವಾಗುವುದು ಆರರಿಂದ. ನಮ್ಮದು ಐದರಿಂದ. ಚಿಕ್ಕವ್ವನ ತವರು ಕಡೆಯ ನೆಂಟರಿಗೆ ಅರ್ಧ ಕೆಜಿ ಪುಡಿ ಕಳಿಸಲು ಹೋದರೆ ಕೊರಿಯರಿನವನು ಅದನ್ನು ಹೊರರಾಜ್ಯದ ಲೆಕ್ಕಕ್ಕೆ ಹಾಕಿದ. ‘ಅಲ್ಲಿ ಕೂಗಿದ್ರ ಇಲ್ಲಿಗ ಕೇಳ್ತದ, ಅದ್ಯಾವ ರಾಜ್ಯ?’ ಅಂತ ಅವಳು ಕೇಳಿದಳು. ಕಂಪ್ಯೂಟರಿಗೆ ಕೂಗು ಕೇಳಿಸುವುದಿಲ್ಲ. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗಾದರೆ ಇನ್ನೊಂದು ತೊಡಕು. ಬಂಡೀಪುರ ಕಾಡಿನ ರಸ್ತೆಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನ ಸಂಚಾರಕ್ಕೆ ನಿಷೇಧ. ‘ಒಂದೇ ದಿನದಲ್ಲಿ ಡೆಲಿವರಿ’ ಅಂತ ಜಾಹೀರಾತು ಬರೆದವರು ಆನೆಗಳನ್ನು ಕೇಳಿ ಬರೆದದ್ದಲ್ಲ.

ಈ ಎಲ್ಲದರಲ್ಲೂ ಚಿಕ್ಕವ್ವನಿಗೆ ಹೆಚ್ಚು ತಲೆಕೆಟ್ಟದ್ದು ಸಂಡಿಗೆಯ ದೆಸೆಯಿಂದ. ಅರಳು ಸಂಡಿಗೆ ಎಷ್ಟು ಹಗುರ ಅಂತ ನಿಮಗೆ ಗೊತ್ತು. ಪುಡಿಯಾಗಬಾರದು ಅಂತ ನಲವತ್ತು ಸೆಂಟಿಮೀಟರ್ ಉದ್ದ, ಮೂವತ್ತು ಅಗಲ, ಇಪ್ಪತ್ತು ಎತ್ತರದ ರಟ್ಟಿನ ಡಬ್ಬಿಯಲ್ಲಿ ಮೆತ್ತಗೆ ಜೋಡಿಸಿ ಒಯ್ದಳು. ತಕ್ಕಡಿ ಒಂದೂಕಾಲು ಕೆಜಿ ತೋರಿಸಿತು. ಕೌಂಟರಿನ ಹುಡುಗ ಟೇಪು ಹಿಡಿದು ಅಳೆದ. ಮೂರು ಅಳತೆಯನ್ನೂ ಗುಣಿಸಿದರೆ ಇಪ್ಪತ್ತನಾಲ್ಕು ಸಾವಿರ. ಅದನ್ನು ಐದು ಸಾವಿರದಿಂದ ಭಾಗಿಸಿದರೆ 4.8. ‘ಐದು ಕೆಜಿ ಚಾರ್ಜಾಯ್ತದೆ ಅವ್ವಾ’ ಅಂದ. ಗಾತ್ರದ ತೂಕ, ನಿಜದ ತೂಕ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು ಅನ್ನುವುದು ಜಗತ್ತಿನ ಹೆಚ್ಚಿನ ಕೊರಿಯರುಗಳ ಕಟ್ಟಳೆ. ಗಾಡಿಯಲ್ಲಿ ಜಾಗ ಹಿಡಿಯುತ್ತದಲ್ಲ, ಅದಕ್ಕೆ. ‘ಗಾಳಿಗೂ ಬಾಡ್ಗಯಾ ಮಾದಪ್ಪಾ!’ ಅಂತ ಚಿಕ್ಕವ್ವ ಮಲೆ ಮಾದೇಶ್ವರನನ್ನೇ ಸಾಕ್ಷಿಗೆ ಕರೆದಳು. ಮಾದಪ್ಪ ಮಾತಾಡಲಿಲ್ಲ. ಗಿರಾಕಿಗೆ ಈ ವಿಷಯ ಹೇಳುವುದು ಯಾರು? ಒಂದೂಕಾಲು ಕೆಜಿ ಸಂಡಿಗೆಗೆ ಐದು ಕೆಜಿ ಬಾಡಿಗೆ ಕೇಳಿದರೆ ‘ಆಂಟಿ ಮೋಸ ಮಾಡ್ತಾರೆ’ ಅನ್ನುತ್ತಾರೆ. ಕೇಳದಿದ್ದರೆ ಆಂಟಿ ಮುಳುಗುತ್ತಾರೆ.

ತೂಕದ ಮೆಟ್ಟಿಲದ್ದೂ ಇದೇ ಗೋಳು. ಹೆಚ್ಚಿನ ಕೊರಿಯರುಗಳು ಅರ್ಧರ್ಧ ಕೆಜಿಗೆ ಒಂದು ಮೆಟ್ಟಿಲು ಹಾಕಿರುತ್ತವೆ. ಅರ್ಧ ಕೆಜಿ ಪುಡಿಗೆ ಕವರು, ಡಬ್ಬಿ, ಕಂದು ಟೇಪು ಸೇರಿ ಐನೂರರವತ್ತು ಗ್ರಾಂ ಆಯಿತೋ, ಅರವತ್ತು ಗ್ರಾಂ ರಟ್ಟಿಗಾಗಿ ಒಂದು ಕೆಜಿಯ ದುಡ್ಡು ಕೊಡಿ. ಮಗ ಇಲ್ಲೊಂದು ನಿಜವಾದ ಜಾಣತನ ತೋರಿಸಿದ. ಪ್ಯಾಕೆಟ್ಟನ್ನು ನಾನೂರು ಗ್ರಾಮಿಗೆ ಇಳಿಸಿ, ಬೆಲೆಯನ್ನೂ ಅಷ್ಟಕ್ಕೇ ಇಳಿಸಿದ. ಎರಡು ಪ್ಯಾಕೆಟ್ ಕೊಂಡವರಿಗೆ ‘ಡಬ್ಬಿ ಸೇರಿ ಒಂದು ಕೆಜಿಯೊಳಗೇ ಬರುತ್ತದೆ, ಎರಡಕ್ಕೂ ಬೇರೆ ಬೇರೆ ಬಾಡಿಗೆ ಇಲ್ಲ’ ಅಂತ ಮೊದಲೇ ಬರೆದು ಕಳಿಸಿದ. ಬಿಬಿಎಂ ಓದಿದ್ದು ವ್ಯರ್ಥವಾಗಲಿಲ್ಲ ಅಂತ ನಾನೂ ಒಪ್ಪಿದೆ.

ಪ್ಯಾಕಿಂಗ್‌ಗೆ ಇಪ್ಪತ್ತು ರೂಪಾಯಿ ಕೇಳಿದರೆ ಮೂತಿ ತಿರುಗಿಸುವವರಿಗೆ ಒಂದು ಮಾತು. ಡಬ್ಬಿ ಮರದಲ್ಲಿ ಬಿಡುವುದಿಲ್ಲ. ಗುಳ್ಳೆ ಪ್ಲಾಸ್ಟಿಕ್ಕು, ಟೇಪು, ಟೌನಿಗೆ ಹೋಗಿಬರುವ ಪೆಟ್ರೋಲು, ಕೌಂಟರಿನ ಮುಂದೆ ಸರದಿ ನಿಂತ ಹೊತ್ತು ಇವಕ್ಕೆಲ್ಲ ಬೆಲೆಯಿದೆ. ಬಿಳಿಗಿರಿರಂಗನ ಬೆಟ್ಟದ ಜೇನು ತರಿಸುವವರು ಗಾಜಿನ ಬಾಟಲಿಯೇ ಬೇಕು, ಒಡೆಯಲೂಬಾರದು, ಪ್ಯಾಕಿಂಗ್ ಖರ್ಚೂ ಕೇಳಬಾರದು ಅಂದರೆ ಆ ಜೇನು ಹುಳುಗಳೇ ಹೊತ್ತು ತರಬೇಕು. ಆದರೆ ಇಪ್ಪತ್ತರ ಕೆಲಸಕ್ಕೆ ಎಂಬತ್ತು ಹಾಕಿ ‘ಹ್ಯಾಂಡ್ಲಿಂಗ್’ ಅಂದವರ ಪರವಾಗಿ ನಾನು ವಕಾಲತ್ತು ವಹಿಸುವುದಿಲ್ಲ. ಬಾಡಿಗೆಯಲ್ಲಿ ಲಾಭ ತೆಗೆಯುವುದು ಲಾರಿ ಇಟ್ಟವನ ಕಸುಬು, ಪುಡಿ ಮಾರುವವನದಲ್ಲ.

ಚಿಕ್ಕವ್ವ ಈಗ ಹಿಡಿದಿರುವ ದಾರಿ ಸೀದಾ ಇದೆ. ಪುಡಿಗೆ ಇಷ್ಟು, ಪ್ಯಾಕಿಂಗ್‌ಗೆ ಇಷ್ಟು, ನಿಮ್ಮ ಪಿನ್‌ಕೋಡಿಗೆ ಅಂದಾಜು ಬಾಡಿಗೆ ಇಷ್ಟು, ಒಟ್ಟು ಇಷ್ಟು. ರಸೀದಿಯ ಫೋಟೊ ಕಳಿಸುತ್ತಾಳೆ. ಅಂದಾಜಿಗಿಂತ ಕಮ್ಮಿಯಾದರೆ ಉಳಿದದ್ದು ವಾಪಸ್, ಹೆಚ್ಚಾದರೆ ತನ್ನ ಕೈಯಿಂದ. ಒಬ್ಬ ಗಿರಾಕಿಗೆ ಹೀಗೆ ಹದಿನೆಂಟು ರೂಪಾಯಿ ಫೋನ್‌ಪೇ ಮಾಡಿಸಿದಳು. ಎರಡೇ ನಿಮಿಷಕ್ಕೆ ಗಾಬರಿಯ ಕರೆ: ‘ನಂಗ್ಯಾಕೆ ದುಡ್ಡು ಹಾಕಿದ್ರಿ? ಇದೇನು ಫ್ರಾಡಾ? ನನ್ನ ಅಕೌಂಟ್ ಖಾಲಿ ಆಗುತ್ತಾ?’ ಬಾಡಿಗೆಯಲ್ಲಿ ಉಳಿದದ್ದು ಅಂತ ಎಷ್ಟು ಹೇಳಿದರೂ ನಂಬಲಿಲ್ಲ. ಬ್ಯಾಂಕಿಗೆ ಫೋನ್ ಮಾಡಿ ವಿಚಾರಿಸಿಕೊಂಡರಂತೆ. ಹದಿನೆಂಟು ರೂಪಾಯಿ ಹೆಚ್ಚಿಗೆ ಹಿಡಿದಿದ್ದರೆ ಆ ಪುಣ್ಯಾತ್ಮರಿಗೆ ಇಷ್ಟು ಕಷ್ಟ ಆಗುತ್ತಿರಲಿಲ್ಲ.

ನಡುವೆ ಒಂದು ಸಲ ಚಿಕ್ಕವ್ವನಿಗೆ ಅಪ್ಪಟ ಫ್ರೀ ಸಾಗಣೆಯ ಉಪಾಯವೂ ಹೊಳೆದಿತ್ತು. 2023ರ ಜೂನಿನಿಂದ ಹೆಂಗಸರಿಗೆ ಬಸ್ ಫ್ರೀ ಅನ್ನುವ ಶಕ್ತಿ ಯೋಜನೆ ಇದೆಯಲ್ಲ. ‘ಆಧಾರ್ ಕಾರ್ಡ್ ತೋರ್ಸ್‌ಬುಟ್ಟು ನಾನೇ ವೋಗಿ ಮೈಸೂರೋರಿಗೆಲ್ಲ ಕೊಟ್ಟು ಬತ್ತೀನಿ ಕೂಸು, ಕೊರಿಯರ್ರೂ ಬ್ಯಾಡ, ಗಿರಾಕಿಗ ಬಾಡ್ಗನೂ ಬ್ಯಾಡ’ ಅಂದಳು. ಆ ಟಿಕೆಟ್ಟಿನ ದುಡ್ಡನ್ನು ಸರ್ಕಾರ ತುಂಬುತ್ತದೆ, ಸರ್ಕಾರಕ್ಕೆ ನಾವು ತುಂಬುತ್ತೇವೆ ಅಂತ ನಾನು ಅರ್ಥಶಾಸ್ತ್ರ ಶುರುಮಾಡಿದೆ. ‘ನೀನು ತುಂಬೋದು ಹೆಂಗೂ ತುಂಬ್ತಿದ್ದೀಯ, ನಾನ್ಯಾಕ ಬುಡಲಿ’ ಅಂದಳು. ಮಂಡಿನೋವು ಅಡ್ಡ ಬಂದದ್ದರಿಂದ ಯೋಜನೆ ನಿಂತಿತು. ಕೆಎಸ್‌ಆರ್‌ಟಿಸಿಯವರೇ 2021ರಲ್ಲಿ ‘ನಮ್ಮ ಕಾರ್ಗೋ’ ಅಂತ ಪಾರ್ಸೆಲ್ ವ್ಯವಸ್ಥೆ ಶುರು ಮಾಡಿದ್ದಾರೆ. ಅದಕ್ಕೆ ಆಧಾರ್ ಕಾರ್ಡ್ ತೋರಿಸಿದರೆ ನಡೆಯುವುದಿಲ್ಲ. ಕೊನೆಗೂ ನಮ್ಮ ಕಡೆ ನಿಜವಾದ ಫ್ರೀ ಡೆಲಿವರಿ ಅಂದರೆ ಊರಿಂದ ಹೊರಟ ನೆಂಟನ ಚೀಲ. ಅವನು ಮದುವೆಗೆ ಹೋಗುತ್ತಿದ್ದರೂ ಸರಿ, ಆಸ್ಪತ್ರೆಗೆ ಹೋಗುತ್ತಿದ್ದರೂ ಸರಿ, ‘ಹೆಂಗೂ ಹೋಗ್ತಿದ್ದೀಯಲ್ಲ’ ಅಂತ ಎರಡು ಕೆಜಿ ತುರುಕಿ ಕಳಿಸುತ್ತೇವೆ.

ಅಂಚೆಯ ಮಾತು ಬಂದರೆ ಗುಂಡ್ಲುಪೇಟೆಯವರು ಸ್ವಲ್ಪ ಎದೆಯುಬ್ಬಿಸಬಹುದು. ಮೈಸೂರು ರಾಜ್ಯದಲ್ಲಿ ಅಂಚೆ ವ್ಯವಸ್ಥೆ ಕಟ್ಟಿದವರು ಚಿಕ್ಕದೇವರಾಜ ಒಡೆಯರು. ಪಟ್ಟವೇರುವ ಮುಂಚೆ ಅವರು ಇದ್ದದ್ದು ಗುಂಡ್ಲುಪೇಟೆ ಪಕ್ಕದ ಹಂಗಳದಲ್ಲಿ. ತಂದೆಯ ನೆನಪಿಗೆ ಅವರು ಕಟ್ಟಿಸಿದ ಪರವಾಸುದೇವ ದೇವಸ್ಥಾನ ಗುಂಡ್ಲುಪೇಟೆಯಲ್ಲಿದೆ. ಅವರ ಅಂಚೆಯವರು ಕಾಗದದ ಜೊತೆಗೆ ಊರೂರ ಗುಟ್ಟನ್ನೂ ಅರಮನೆಗೆ ಮುಟ್ಟಿಸುತ್ತಿದ್ದರಂತೆ. ಈಗಿನ ಶಾಪಿಂಗ್ ಆ್ಯಪುಗಳು ಮಾಡುತ್ತಿರುವುದೂ ಅದೇ, ಅರಮನೆ ಮಾತ್ರ ಬೇರೆ. ಆ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಯಿತು. ಅಲ್ಲಿ 1854ರಿಂದಲೇ ದೂರ ಎಷ್ಟಿದ್ದರೂ ಕಾಲು ತೊಲ ತೂಕದ ಕಾಗದಕ್ಕೆ ಅರ್ಧಾಣೆ ಅಂತ ಒಂದೇ ದರ. ಈಗ 2025ರ ಅಕ್ಟೋಬರಿನಿಂದ ಸ್ಪೀಡ್ ಪೋಸ್ಟಿನಲ್ಲಿ ಐವತ್ತು ಗ್ರಾಂ ಒಳಗಿನ ಕಾಗದಕ್ಕೆ ಊರೊಳಗೆ 19 ರೂಪಾಯಿ, ಊರು ದಾಟಿದರೆ ದೇಶದ ಯಾವ ಮೂಲೆಗಾದರೂ 47, ತೆರಿಗೆ ಬೇರೆ. ತಾಳವಾಡಿಗೂ 47, ಡೆಲ್ಲಿಗೂ 47. ಹತ್ತಿರದವನು ದೂರದವನ ಬಾಡಿಗೆ ಹೊರುವುದು ಇಲ್ಲೂ ಇದೆ, ಆದರೆ ಗೋಡೆಗೆ ದರಪಟ್ಟಿ ಅಂಟಿಸಿ ಹೊರಿಸುತ್ತಾರೆ. ಫ್ರೀ ಅಂತ ಯಾವ ಪೋಸ್ಟ್ ಮಾಸ್ಟರೂ ಅಂದದ್ದಿಲ್ಲ.

ಇದೇ ಅಂಚೆ ಇಲಾಖೆ 1877ರಲ್ಲಿ ವಿ.ಪಿ.ಪಿ. ತಂದಿತು. ಸಾಮಾನು ಕೈಗೆ ಬಂದಾಗ ಪೋಸ್ಟ್‌ಮ್ಯಾನಿಗೆ ದುಡ್ಡು. ನಮ್ಮ ಪುಸ್ತಕ ಪ್ರಕಾಶಕರು ‘ಅಂಚೆ ವೆಚ್ಚ ಪ್ರತ್ಯೇಕ’ ಅಂತ ಜಾಹೀರಾತಿನಲ್ಲೇ ಅಚ್ಚು ಹಾಕಿ ಇದರಲ್ಲಿ ಪುಸ್ತಕ ಕಳಿಸುತ್ತಿದ್ದರು. ತರಿಸಿದ ಮಹಾಶಯರು ಪೋಸ್ಟ್‌ಮ್ಯಾನ್ ಬಂದ ದಿನ ‘ಮನೆಯಲ್ಲಿಲ್ಲ’ ಅಂತ ಒಳಗಿಂದಲೇ ಹೇಳಿಸುತ್ತಿದ್ದದ್ದೂ ಉಂಟು. ಪುಸ್ತಕ ವಾಪಸ್, ಅಂಚೆ ಖರ್ಚು ಪ್ರಕಾಶಕನ ತಲೆಗೆ. ಫ್ಲಿಪ್‌ಕಾರ್ಟ್ 2010ರಲ್ಲಿ ಕ್ಯಾಶ್ ಆನ್ ಡೆಲಿವರಿ ಶುರು ಮಾಡಿದಾಗ ಎಲ್ಲರೂ ಹೊಸದು ಹೊಸದು ಅಂದರು. ‘ಮನೆಯಲ್ಲಿಲ್ಲ’ ಅನ್ನುವ ದನಿ ಮಾತ್ರ ಹಳೆಯದೇ.

ಅದರ ಲೆಕ್ಕ ನಿಮಗೆ ತಿಳಿದಿರಲಿ. ಕ್ಯಾಶ್ ಆನ್ ಡೆಲಿವರಿಗೆ ಕೊರಿಯರಿನವರು ಬಾಡಿಗೆಯ ಮೇಲೆ ಇನ್ನೊಂದು ಫೀಸು ಹಾಕುತ್ತಾರೆ. ನೀವು ಬೇಡ ಅಂದರೆ ಹೋದ ಬಾಡಿಗೆ, ಬಂದ ಬಾಡಿಗೆ ಎರಡೂ ಮಾರಿದವರ ತಲೆಗೆ. ಕಳಿಸಿದ್ದು ತಪ್ಪು ಸಾಮಾನಾದರೆ, ಒಡೆದದ್ದಾದರೆ ಮಾರಿದವರೇ ಹೊರಲಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ರಾತ್ರಿ ಹನ್ನೊಂದಕ್ಕೆ ಬೇಕೆನಿಸಿ ಬೆಳಗ್ಗೆ ಏಳಕ್ಕೆ ಬೇಡವೆನಿಸಿದ್ದಕ್ಕೆ ಬಾಡಿಗೆ ಮನಸ್ಸು ಬದಲಿಸಿದವರದ್ದೇ ಆಗಬೇಕು. ಚಿಕ್ಕವ್ವನ ಸಂಡಿಗೆ ಡಬ್ಬಿ ಒಂದು ಹೀಗೆ ಬೆಂಗಳೂರು ನೋಡಿಕೊಂಡು ವಾಪಸ್ ಬಂತು. ಒಳಗೆ ಬರೀ ಪುಡಿ. ಐದು ಕೆಜಿ ಗಾಳಿಗೆ ಎರಡು ಸಲ ಬಾಡಿಗೆ.

ಆದ್ದರಿಂದ ಮಹನೀಯರೇ, ಮಾರುವವರು ಬಾಡಿಗೆಯನ್ನು ಮೊದಲೇ ಹೇಳಿ, ಇದ್ದಷ್ಟೇ ಹೇಳಿ. ಕೊಳ್ಳುವವರು ಪಿನ್‌ಕೋಡನ್ನು ಆರಂಕಿ ಪೂರ್ತಿ ಬರೆಯಿರಿ, ಮನೆಯ ಗುರುತಿಗೆ ‘ಅಶ್ವತ್ಥಕಟ್ಟೆ ಹತ್ತಿರ’ ಅಂದರೆ ಯಾವ ಅಶ್ವತ್ಥಕಟ್ಟೆ ಅಂತಲೂ ಬರೆಯಿರಿ. ಕೊರಿಯರ್ ಹುಡುಗ ಕರೆ ಮಾಡಿದಾಗ, ನಂಬರು ಗೊತ್ತಿಲ್ಲ ಅಂತ ಕತ್ತರಿಸದೆ ದಯವಿಟ್ಟು ಫೋನ್ ಎತ್ತಿ.